ಮಾಟುಂಗಾದ ಒಂದು ಟೆಂಪೊ, ಒಂಬತ್ತು ಇ-ಚಲನ್: ದಂಡ ಯಾರ ಪಾಲಿಗೆ?

ಇ-ಚಲನ್ ಬೀಳುವುದು ವಾಹನದ ನಂಬರಿನ ಮೇಲೆ. ಆ ಹೊತ್ತಿನಲ್ಲಿ ಸ್ಟಿಯರಿಂಗ್ ಹಿಡಿದಿದ್ದವರು ಯಾರು ಎಂಬುದು ಕ್ಯಾಮೆರಾಕ್ಕೆ ಗೊತ್ತಿರುವುದಿಲ್ಲ. ಸಂದೇಶ ಹೋಗುವುದು ನೋಂದಣಿ ದಾಖಲೆಯಲ್ಲಿರುವ ಮೊಬೈಲಿಗೆ. ಕೊನೆಗೆ ಹಣ ಕಡಿತವಾಗುವುದು ಮಾತ್ರ ಅನೇಕ ಸಂದರ್ಭಗಳಲ್ಲಿ ಚಾಲಕನ ಸಂಬಳದಿಂದ. ಇಲ್ಲಿ ವಿವರಿಸಿರುವ ಪ್ರಕರಣ ಮುಂಬಯಿಯ ಕನ್ನಡಿಗರಿಬ್ಬರ ನಡುವೆ 2024ರ ಸೆಪ್ಟೆಂಬರಿನಿಂದ 2025ರ ಯುಗಾದಿಯವರೆಗೆ ನಡೆದದ್ದು. ಒಬ್ಬರು ಟೆಂಪೊದ ಮಾಲೀಕರು, ಇನ್ನೊಬ್ಬರು ಅವರ ಚಾಲಕ. ಕಾಗದಪತ್ರ ನೋಡಿಕೊಡಿ ಎಂದು ಇಬ್ಬರೂ ಕೇಳಿದ್ದರಿಂದ ಎರಡೂ ಕಡೆಯ ಮಾತು ಕೇಳುವ ಅವಕಾಶ ನನಗೆ ಸಿಕ್ಕಿತು. ಹೆಸರು, ವಾಹನದ ನಂಬರು, ಹೋಟೆಲುಗಳ ಗುರುತು ಇವುಗಳನ್ನು ಬಿಟ್ಟಿದ್ದೇನೆ.

ಮಾಲೀಕರು ಕುಂದಾಪುರದ ಕಡೆಯವರು. ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ತರಕಾರಿ, ತೆಂಗಿನಕಾಯಿ, ಬಾಳೆಎಲೆ ತಂದು ಮಾಟುಂಗಾ, ಸಾಯನ್, ದಾದರ್ ಭಾಗದ ಉಡುಪಿ ಹೋಟೆಲುಗಳಿಗೆ ಒದಗಿಸುವುದು ಅವರ ವ್ಯವಹಾರ. ಮುಂಬಯಿಯ ರಸ್ತೆಗಳಲ್ಲಿ ಎಲ್ಲರೂ ‘ಛೋಟಾ ಹಾಥಿ’ ಎಂದೇ ಕರೆಯುವ ನಾಲ್ಕು ಚಕ್ರದ ಸಣ್ಣ ಟೆಂಪೊವೊಂದನ್ನು ಅವರು 2022ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. ಚಾಲಕ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವನು. ಟೆಂಪೊ ಬಂದ ವರ್ಷದಿಂದಲೂ ಅದನ್ನು ಓಡಿಸುತ್ತಿರುವವನು ಅವನೇ. ನಸುಕಿನಲ್ಲಿ ವಾಶಿಯಲ್ಲಿ ಮಾಲು ತುಂಬಿ, ಖಾಡಿಯ ಸೇತುವೆ ದಾಟಿ, ಮಾನಖುರ್ದ್, ಚೆಂಬೂರು, ಸಾಯನ್ ಮಾರ್ಗವಾಗಿ ಮಾಟುಂಗಾ ಸೇರುವುದು ಅವನ ನಿತ್ಯದ ದಾರಿ.

2024ರ ಅನಂತ ಚತುರ್ದಶಿ ಕಳೆದ ಮೇಲೆ ಒಂದು ಬೆಳಗ್ಗೆ ನಾಕಾದಲ್ಲಿ ಹವಾಲ್ದಾರರು ಟೆಂಪೊ ನಿಲ್ಲಿಸಿ, ಕೈಯಲ್ಲಿದ್ದ ಯಂತ್ರಕ್ಕೆ ನಂಬರು ಒತ್ತಿದಾಗ ಒಂಬತ್ತು ಚಲನ್ ಬಾಕಿ ಇರುವುದು ಕಂಡಿತು. ಒಂದೂ ಕಟ್ಟದೆ ಗಾಡಿ ಮುಂದೆ ಹೋಗುವುದಿಲ್ಲ ಎಂಬ ಮಾತು ಬಂತು. ಹಿಂದೆ ಬಾಳೆಎಲೆಯ ಕಟ್ಟುಗಳು ಬಾಡುತ್ತಿದ್ದವು, ಹೋಟೆಲಿನಿಂದ ಫೋನಿನ ಮೇಲೆ ಫೋನು. ಚಾಲಕ ಮಾಲೀಕರನ್ನು ವಿಚಾರಿಸಿ, ತನ್ನದೇ ಮೊಬೈಲಿನಿಂದ ಯುಪಿಐ ಮೂಲಕ ಪಟ್ಟಿಯ ಮೊದಲ ಚಲನ್, ಅಂದರೆ ನಿಲುಗಡೆ ನಿಷೇಧವಿದ್ದಲ್ಲಿ ವಾಹನ ನಿಲ್ಲಿಸಿದ್ದಕ್ಕೆ ಹಾಕಿದ್ದ 500 ರೂಪಾಯಿ ಕಟ್ಟಿ ಹೊರಟ. ಮೋಟಾರು ವಾಹನ ಕಾಯ್ದೆಯ 207ನೇ ಕಲಂ ಪ್ರಕಾರ ಪೊಲೀಸರು ವಾಹನವನ್ನು ವಶಕ್ಕೆ ಪಡೆಯಬಹುದಾದ ಸಂದರ್ಭಗಳು ಬೇರೆ: ಲೈಸೆನ್ಸ್ ಇಲ್ಲದಿರುವುದು, ವಯಸ್ಸು ಸಾಲದಿರುವುದು, ನೋಂದಣಿ ಇಲ್ಲದಿರುವುದು, ಪರವಾನಗಿ ಇಲ್ಲದಿರುವುದು ಅಥವಾ ಅದರ ಶರತ್ತನ್ನು ಮುರಿದಿರುವುದು. ಹಳೆಯ ಚಲನ್ ಬಾಕಿ ಇರುವುದು ಆ ಪಟ್ಟಿಯಲ್ಲಿಲ್ಲ. ಆದರೆ ನಾಕಾದಲ್ಲಿ ನಿಂತು ಕಲಂ ಓದಿ ಹೇಳುವ ಸ್ಥಿತಿಯಲ್ಲಿ ಯಾವ ಚಾಲಕನೂ ಇರುವುದಿಲ್ಲ, ಹಾಗೆ ಹೇಳಬೇಕೆಂದು ಬಯಸುವುದೂ ವ್ಯಾವಹಾರಿಕವಲ್ಲ.

ಜಗಳ ಹುಟ್ಟಿದ್ದು ಆ ಸಂಜೆ. ಉಳಿದ ಎಂಟು ಚಲನ್‌ಗಳ ಮೊತ್ತವನ್ನು ಪ್ರತಿ ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿಯುವುದಾಗಿ ಮಾಲೀಕರು ಹೇಳಿದರು. “ಗಾಡಿ ಬಿಡುವವನು ನೀನು ಮಾರಾಯ, ಚಲನ್ ಬಿದ್ದದ್ದಕ್ಕೆ ನಾನು ಎಂತ ಮಾಡ್ಲಿಕ್ಕಾಗ್ತದೆ?” ಎಂಬುದು ಅವರ ವಾದ. ಚಾಲಕನ ಉತ್ತರ ಒಂದೇ ಸಾಲಿನದು: “ಅಣ್ಣಾರ, ಈ ಗಾಡ್ಯಾಗ ಕುಂಡ್ರಾಕ ಹೆಲ್ಮೆಟ್ ಬೇಕೇನ್ರಿ?” ಪಟ್ಟಿಯಲ್ಲಿ ಹೆಲ್ಮೆಟ್ ಧರಿಸದ ಅಪರಾಧವೂ ಒಂದಿತ್ತು. ಅಷ್ಟಾದರೂ ಆ ತಿಂಗಳ ಸಂಬಳದಿಂದಲೇ ಕಡಿತ ಶುರುವಾಯಿತು.

ಅಲ್ಲಿಯವರೆಗೆ ಇಬ್ಬರೂ ಆ ಒಂಬತ್ತರ ಫೋಟೋಗಳನ್ನು ತೆರೆದು ನೋಡಿರಲಿಲ್ಲ. ಮಹಾರಾಷ್ಟ್ರ ಸಂಚಾರ ಪೊಲೀಸರ ಇ-ಚಲನ್ ಜಾಲತಾಣದಲ್ಲಿ ವಾಹನದ ನಂಬರು ಮತ್ತು ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಕೊಟ್ಟರೆ ಚಲನ್‌ಗಳ ಪಟ್ಟಿಯೂ ಅವುಗಳ ಚಿತ್ರಗಳೂ ಸಿಗುತ್ತವೆ. ಮೊತ್ತ ನೋಡಿ ಎದೆ ಒಡೆದುಕೊಳ್ಳುವವರು ಬಹಳ. ಚಿತ್ರ ನೋಡುವವರು ಕಡಿಮೆ. ಈ ಪ್ರಕರಣ ಬಗೆಹರಿದದ್ದು ಚಿತ್ರಗಳಿಂದಲೇ ಆದ್ದರಿಂದ ಅವುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ.

ಹೆಲ್ಮೆಟ್ ಚಲನ್‌ನ ಚಿತ್ರದಲ್ಲಿ ಇದ್ದದ್ದು ಒಂದು ಸ್ಕೂಟರಿನ ಹಿಂಭಾಗ. ಪ್ಲೇಟು ಬಿಳಿಯದು, ಅಕ್ಷರಗಳು ಕಪ್ಪು. ಬಾಡಿಗೆಗೆ ಓಡುವ ಸಾಗಣೆ ವಾಹನದ ಪ್ಲೇಟು ಹಳದಿಯಾಗಿರಬೇಕು ಎಂಬುದು ನಿಯಮ; ಇವರ ಟೆಂಪೊದ ಪ್ಲೇಟೂ ಹಳದಿಯದೇ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ನಂಬರಿನ ನಡುವಿನ ಇಂಗ್ಲಿಷ್ ಅಕ್ಷರವೊಂದರ ಬಾಯಿಗೆ ಸರಿಯಾಗಿ ನಟ್ಟಿನ ತುಕ್ಕು ಇಳಿದಿತ್ತು. ಅದರಿಂದ ‘ಸಿ’ ಎಂಬುದು ‘ಜಿ’ಯಂತೆ ಕಾಣುತ್ತಿತ್ತು. ಆ ಒಂದು ಅಕ್ಷರದ ವ್ಯತ್ಯಾಸಕ್ಕೆ ಯಾರದೋ ಸ್ಕೂಟರಿನ ಅಪರಾಧ ತರಕಾರಿ ಟೆಂಪೊದ ತಲೆಗೆ ಬಂದಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದರ 194-ಡಿ ಕಲಂ ಪ್ರಕಾರ ಹೆಲ್ಮೆಟ್ ಇಲ್ಲದ ಸವಾರಿಗೆ 1,000 ರೂಪಾಯಿ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಇದೆ. ಇಂಥ ಚಲನ್‌ ಅನ್ನು ‘ಹೋಗಲಿ, ಕಟ್ಟಿಬಿಡೋಣ’ ಎಂದು ತೀರಿಸುವುದು ಲೈಸೆನ್ಸಿನ ಮೇಲೆ ಬದುಕುವವನಿಗೆ ಸಲ್ಲದ ಮಾತು.

ನಿಲುಗಡೆಯ ಆರು ಚಲನ್‌ಗಳದು ಬೇರೆಯೇ ಕಥೆ. ಆರರಲ್ಲೂ ವಾಹನ ಇದೇ, ಜಾಗವೂ ಒಂದೇ: ಮಾಟುಂಗಾದ ಒಂದು ಹೋಟೆಲಿನ ಎದುರು, ನಿಲುಗಡೆ ನಿಷೇಧದ ಫಲಕದಿಂದ ಕೆಲವೇ ಹೆಜ್ಜೆ ದೂರ. ನಾಲ್ಕು ಚಿತ್ರಗಳಲ್ಲಿ ಹಿಂದಿನ ಫಾಳ್ಕ, ಅಂದರೆ ಮಾಲು ಇಳಿಸಲು ತೆರೆಯುವ ಹಲಗೆ, ಕೆಳಗಿಳಿದಿದೆ; ಒಂದರಲ್ಲಿ ಹೋಟೆಲಿನ ಹುಡುಗ ಕಾಯಿಯ ಚೀಲ ಹೆಗಲ ಮೇಲೆ ಹೊತ್ತು ಒಳಗೆ ಹೋಗುತ್ತಿರುವುದೂ ಕಾಣುತ್ತದೆ. ಚಾಲಕ ಚಹಾ ಕುಡಿಯಲು ನಿಲ್ಲಿಸಿದ್ದಲ್ಲ, ಮಾಲು ಇಳಿಸಲು ನಿಲ್ಲಿಸಿದ್ದು ಎಂಬುದಕ್ಕೆ ಪೊಲೀಸರ ಚಿತ್ರಗಳೇ ಸಾಕ್ಷಿ. ಕಾನೂನಿನ ಕಣ್ಣಿಗೆ ಇದರಿಂದ ಅಪರಾಧ ಅಳಿಸಿಹೋಗುವುದಿಲ್ಲ. ಅಡಚಣೆಯಾಗುವಂತೆ ವಾಹನ ನಿಲ್ಲಿಸುವುದನ್ನು 122ನೇ ಕಲಂ ನಿಷೇಧಿಸುತ್ತದೆ, ದಂಡವನ್ನು 177ನೇ ಕಲಂ ಹೇಳುತ್ತದೆ: ಮೊದಲ ಬಾರಿಗೆ 500, ಮರುಕಳಿಸಿದರೆ 1,500 ರೂಪಾಯಿ. ಈ ಹೆಚ್ಚಿದ ಮೊತ್ತಗಳು ಕೇಂದ್ರದ ಕಾಯ್ದೆಯಲ್ಲಿ 2019ರ ಸೆಪ್ಟೆಂಬರ್ 1ರಿಂದಲೇ ಇದ್ದರೂ ಮಹಾರಾಷ್ಟ್ರ ಅವನ್ನು ಜಾರಿಗೆ ತಂದದ್ದು 2021ರ ಡಿಸೆಂಬರಿನಲ್ಲಿ. ಹೀಗಾಗಿ ಮೊದಲನೆಯದು 500, ಮುಂದಿನ ಐದು ತಲಾ 1,500, ಒಟ್ಟು 8,000 ರೂಪಾಯಿ.

ಒಳಗಿನ ಪ್ರಶ್ನೆ ಇರುವುದು ಇಲ್ಲಿಯೇ. ಒಂದೇ ಜಾಗದಲ್ಲಿ, ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ ಆರು ಸಲ ಬಿದ್ದ ಚಲನ್ ಚಾಲಕನ ಅಜಾಗರೂಕತೆಯನ್ನು ತೋರಿಸುವುದೋ, ವ್ಯವಹಾರದ ಕ್ರಮವನ್ನು ತೋರಿಸುವುದೋ? ಎಲ್ಲಿ ಇಳಿಸಬೇಕು ಎಂದು ಗೊತ್ತುಮಾಡಿದವರು ಮಾಲೀಕರು. ಬೆಳಗಿನ ಗಿರಾಕಿ ಶುರುವಾಗುವ ಮೊದಲು ಮಾಲು ಬಾಗಿಲಿಗೆ ಬರಬೇಕು ಎಂದು ಷರತ್ತು ಹಾಕಿದವರು ಹೋಟೆಲಿನವರು. ಪಕ್ಕದ ಓಣಿಯಲ್ಲಿ ನಿಲ್ಲಿಸಿ ಕೈಗಾಡಿಯಲ್ಲಿ ಸಾಗಿಸಬಹುದಿತ್ತು; ಅದಕ್ಕೆ ಇನ್ನೊಬ್ಬ ಆಳು ಬೇಕು, ಆಳಿಗೆ ಕೂಲಿ ಬೇಕು. ಆ ಕೂಲಿಯನ್ನು ಉಳಿಸಿದ ಲಾಭ ಮಾಲೀಕರ ಕಡೆಗೆ ಹೋಗಿ, ಅದರಿಂದ ಬಿದ್ದ ದಂಡ ಚಾಲಕನ ಕಡೆಗೆ ಬರುವುದು ನ್ಯಾಯವಲ್ಲ ಎಂದು ನಾನು ಮಾಲೀಕರಿಗೆ ನೇರವಾಗಿಯೇ ಹೇಳಿದೆ. ಅವರಿಗೆ ಅದು ರುಚಿಸಲಿಲ್ಲ. ಹೋಟೆಲಿನವರನ್ನು ಕೇಳಿದಾಗ “ಗಾಡಿ ನಿಮ್ಮದು, ನಮಗೆ ಸಂಬಂಧ ಇಲ್ಲ” ಎಂಬ ಉತ್ತರ ಬಂತು. 2025ರ ಜುಲೈನಲ್ಲಿ ಇ-ಚಲನ್ ವಸೂಲಿಯನ್ನು ವಿರೋಧಿಸಿ ಮಹಾರಾಷ್ಟ್ರದ ಸರಕು ಸಾಗಣೆದಾರರು ಮುಷ್ಕರ ಹೂಡಿದ್ದನ್ನು ಓದಿದವರಿಗೆ ಇದು ಒಬ್ಬಿಬ್ಬರ ಗೋಳಲ್ಲ ಎಂಬುದು ಗೊತ್ತಿರುತ್ತದೆ. ಮಾಲು ಇಳಿಸಲು ಜಾಗವೇ ಇಲ್ಲದ ಊರಿನಲ್ಲಿ ಇಳಿಸುವವನಿಗೆ ದಂಡ ಹಾಕುತ್ತಾ ಹೋದರೆ ಅದು ದಂಡವಾಗಿ ಉಳಿಯದೆ ನಿತ್ಯದ ಸುಂಕವಾಗಿಬಿಡುತ್ತದೆ.

ಜೀಬ್ರಾ ಗೆರೆ ದಾಟಿ ನಿಂತದ್ದಕ್ಕೆ ಬಿದ್ದ ಚಲನ್ ಬಗ್ಗೆ ತಕರಾರು ಇರಲಿಲ್ಲ. ಚಿತ್ರ ಸ್ಪಷ್ಟ, ಚಾಲಕ ತನ್ನದೇ ತಪ್ಪು ಎಂದು ಒಪ್ಪಿಕೊಂಡ.

ಒಂಬತ್ತನೆಯದು ಹೆಚ್ಚು ಗಂಭೀರವಾದದ್ದು: ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ವೇಯ ಘಾಟಿಯಲ್ಲಿ ಮಿತಿಮೀರಿದ ವೇಗ. ಆ ಹೆದ್ದಾರಿಯಲ್ಲಿ 2024ರ ಜುಲೈನಿಂದ ಕ್ಯಾಮೆರಾಗಳ ಹೊಸ ವ್ಯವಸ್ಥೆ ಕೆಲಸ ಮಾಡುತ್ತಿದೆ; ವೇಗವನ್ನೂ ಲೇನ್ ಬದಲಿಸುವುದನ್ನೂ ಅದೇ ದಾಖಲಿಸುತ್ತದೆ. ಚಲನ್‌ನ ತಾರೀಕು ಗಣೇಶ ಚತುರ್ಥಿಯ ಹಿಂದಿನ ವಾರದ್ದು. ಆ ವಾರ ಪುಣೆಯ ಒಬ್ಬ ಗಿರಾಕಿಗೆ ಹಬ್ಬದ ಬಾಳೆಎಲೆ ಒಯ್ಯಲು ಮಾಲೀಕರು ಬದಲಿ ಡ್ರೈವರನ್ನು ಇಟ್ಟಿದ್ದರು, ಏಕೆಂದರೆ ಕಾಯಂ ಚಾಲಕ ಹೆಸರುಕಾಳಿನ ರಾಶಿಗೆಂದು ಊರಿಗೆ ಹೋಗಿದ್ದ. ಹೋಗುವಾಗಿನ, ಬರುವಾಗಿನ ಬಸ್ ಟಿಕೆಟುಗಳು ಅವನ ಮೊಬೈಲಿನಲ್ಲೇ ಇದ್ದವು. ಮಾಲೀಕರಿಗೂ ಇದು ನೆನಪಿತ್ತು. ಆದರೆ ಬದಲಿ ಡ್ರೈವರ್ ಅಷ್ಟರಲ್ಲಿ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದ, ಅವನ ಫೋನು ಹತ್ತುತ್ತಿರಲಿಲ್ಲ. ‘ಒಂದು ಸಲ ನಿನ್ನ ಲೈಸೆನ್ಸ್ ತೋರಿಸಿ ಮುಗಿಸಿಬಿಡು, ಹಣ ನಾನೇ ಕೊಡುತ್ತೇನೆ’ ಎಂದು ಮಾಲೀಕರು ಚಾಲಕನ ಮುಂದೆ ಇಟ್ಟ ಸಲಹೆ ಅವರ ದೃಷ್ಟಿಯಲ್ಲಿ ಉದಾರವಾದದ್ದೇ ಆಗಿತ್ತು.

ಅದನ್ನು ಒಪ್ಪಬೇಡ ಎಂದು ಚಾಲಕನಿಗೆ ಹೇಳಲು ನನಗೆ ಎರಡು ಕಾರಣಗಳಿದ್ದವು. 200ನೇ ಕಲಂ ಅಡಿಯಲ್ಲಿ ಸ್ಥಳದಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಂಡರೆ ಪ್ರಕರಣ ಮುಗಿಯುತ್ತದೆ ಎಂಬುದು ಅರ್ಧ ಸತ್ಯ. 2019ರ ತಿದ್ದುಪಡಿ ಅದೇ ಕಲಂಗೆ ಒಂದು ಮಾತು ಸೇರಿಸಿದೆ: ಹಾಗೆ ರಾಜಿಯಾದ ಅಪರಾಧವನ್ನೂ ಮುಂದಿನ ಅಪರಾಧ ಎರಡನೆಯದೋ ಅಲ್ಲವೋ ಎಂದು ತೀರ್ಮಾನಿಸುವಾಗ ಹಿಂದಿನ ಅಪರಾಧವೆಂದೇ ಎಣಿಸಬೇಕು. ವೇಗದ ವಿಷಯದಲ್ಲಿ ಈ ಎಣಿಕೆಯ ಪರಿಣಾಮ ದೊಡ್ಡದು. 183ನೇ ಕಲಂ ಪ್ರಕಾರ ಇಂಥ ಲಘು ವಾಹನಕ್ಕೆ ಮೊದಲ ಬಾರಿ 1,000ದಿಂದ 2,000 ರೂಪಾಯಿ ದಂಡ. ಎರಡನೆಯ ಬಾರಿಗೆ ಲೈಸೆನ್ಸನ್ನೇ ವಶಪಡಿಸಿಕೊಳ್ಳುವ ಕ್ರಮವಿದೆ. ಬೇರೊಬ್ಬನ ವೇಗವನ್ನು ತನ್ನ ಲೈಸೆನ್ಸಿಗೆ ಬರೆಸಿಕೊಂಡವನು ಮುಂದೆ ಇಳಿಜಾರಿನಲ್ಲಿ ಒಂದು ಸಲ ಮೈಮರೆತರೂ ಎರಡನೆಯ ಬಾರಿಯ ಅಪರಾಧಿಯಾಗುತ್ತಾನೆ. ದಂಡದ ಎರಡು ಸಾವಿರವನ್ನು ಮಾಲೀಕರು ಕೊಡಬಹುದು, ಲೈಸೆನ್ಸ್ ಇಲ್ಲದ ತಿಂಗಳುಗಳ ಅನ್ನವನ್ನು ಕೊಡುವವರು ಯಾರು?

ಎರಡನೆಯ ಕಾರಣ 133ನೇ ಕಲಂ. ಅಪರಾಧ ನಡೆದಾಗ ವಾಹನ ಓಡಿಸುತ್ತಿದ್ದವರು ಯಾರು ಎಂಬ ವಿವರವನ್ನು ಅಧಿಕಾರ ಪಡೆದ ಪೊಲೀಸ್ ಅಧಿಕಾರಿ ಕೇಳಿದರೆ ಕೊಡುವುದು ಮಾಲೀಕರ ಕರ್ತವ್ಯ. ಈ ಪ್ರಕರಣದಲ್ಲಿ ಯಾರೂ ಕೇಳಿರಲಿಲ್ಲ ಎಂಬುದು ನಿಜ. ಕೇಳಿದರೆ ಉತ್ತರ ಕೊಡಲು ಮಾಲೀಕರ ಬಳಿ ಏನೂ ಇರಲಿಲ್ಲ ಎಂಬುದೂ ನಿಜ: ಬದಲಿ ಡ್ರೈವರನ ಲೈಸೆನ್ಸಿನ ಪ್ರತಿಯಿಲ್ಲ, ಪೂರ್ತಿ ಹೆಸರು ಗೊತ್ತಿಲ್ಲ, ನೆನಪಿದ್ದದ್ದು ‘ಮಾನಖುರ್ದಿನ ಆ ಹುಡುಗ’ ಎಂದಷ್ಟೇ. ವಾಹನವನ್ನು ಯಾರ ಕೈಗೆ ಕೊಟ್ಟೆ ಎಂಬುದನ್ನು ಬರೆದಿಡದವರು ಅದರ ದಂಡವನ್ನು ಸಿಕ್ಕವನ ಮೇಲೆ ಹೊರಿಸುವುದು ಹೇಗೆ?

ಇಷ್ಟೆಲ್ಲ ಚಲನ್ ಬಿದ್ದರೂ ಮಾಲೀಕರಿಗೆ ಸುದ್ದಿಯೇ ಮುಟ್ಟಿರಲಿಲ್ಲ ಎಂಬುದು ಮೊದಲು ನನಗೆ ನಂಬಲಾಗದ ಮಾತಾಗಿತ್ತು. ಕಾರಣ ತಿಳಿದಾಗ ಆಶ್ಚರ್ಯ ಉಳಿಯಲಿಲ್ಲ. ವಾಹನ ಕೊಂಡಾಗ ನೋಂದಣಿ ಪತ್ರದ (ಆರ್.ಸಿ.) ವರ್ಗಾವಣೆಯನ್ನು ಆರ್‌ಟಿಒ ಏಜೆಂಟರೊಬ್ಬರಿಗೆ ಒಪ್ಪಿಸಿದ್ದರು. ಹೆಸರು ಸರಿಯಾಗಿ ಬದಲಾಗಿತ್ತು, ವಿಳಾಸವೂ ಬದಲಾಗಿತ್ತು, ಮೊಬೈಲ್ ಸಂಖ್ಯೆಯ ಜಾಗದಲ್ಲಿ ಮಾತ್ರ ಏಜೆಂಟರು ಒಟಿಪಿ ಬೇಗ ಸಿಗಲೆಂದು ತಮ್ಮದೇ ಸಂಖ್ಯೆ ಹಾಕಿಕೊಂಡಿದ್ದರು. ಎರಡು ವರ್ಷದ ಸಂದೇಶಗಳೆಲ್ಲ ಅವರ ಫೋನಿಗೆ ಹೋಗಿ, ಬೇರೆ ನೂರಾರು ವಾಹನಗಳ ಸಂದೇಶಗಳ ನಡುವೆ ಮುಳುಗಿದ್ದವು. ಕ್ಯಾಮೆರಾದಿಂದ ಹಾಕುವ ಚಲನ್ ಬಗ್ಗೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 167-ಎ ನಿಯಮ ಸ್ಪಷ್ಟವಾಗಿದೆ: ಅಪರಾಧ ನಡೆದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು, ಅಪರಾಧವೂ ನಂಬರ್ ಪ್ಲೇಟೂ ಕಾಣುವ ಚಿತ್ರವಿರಬೇಕು, ಸ್ಥಳ, ದಿನಾಂಕ, ಸಮಯ, ಉಲ್ಲಂಘಿಸಿದ ಕಲಂ ನಮೂದಾಗಿರಬೇಕು. ನೋಟಿಸು ಹೋಗಿತ್ತು, ಆದರೆ ತಲುಪಬೇಕಾದವರಿಗೆ ತಲುಪಿರಲಿಲ್ಲ. ಹಳೆಯ ವಾಹನ ಕೊಳ್ಳುವವರು ಆರ್.ಸಿ. ಕೈಗೆ ಬಂದ ದಿನವೇ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ತಮ್ಮ ಮೊಬೈಲ್ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಎಂಜಿನ್ ಆಯಿಲ್ ನೋಡಿಕೊಳ್ಳುವಷ್ಟೇ ಅಗತ್ಯದ ಕೆಲಸ.

ಪರಿಹಾರದ ಭಾಗ ಅಷ್ಟು ನೇರವಾಗಿ ಸಾಗಲಿಲ್ಲ. ಹೆಲ್ಮೆಟ್ ಚಲನ್ ವಿರುದ್ಧ ಸಂಚಾರ ಪೊಲೀಸರ ಆನ್‌ಲೈನ್ ವ್ಯವಸ್ಥೆಯಲ್ಲಿಯೇ ಆಕ್ಷೇಪ ಸಲ್ಲಿಸಲಾಯಿತು. ಜೊತೆಗೆ ಆರ್.ಸಿ. ಪ್ರತಿ, ಟೆಂಪೊವನ್ನು ಮುಂದಿನಿಂದಲೂ ಹಿಂದಿನಿಂದಲೂ ತೆಗೆದ ಚಿತ್ರ, ಬಿಳಿ ಮತ್ತು ಹಳದಿ ಪ್ಲೇಟಿನ ವ್ಯತ್ಯಾಸವನ್ನು ತೋರಿಸುವ ನಾಲ್ಕು ಸಾಲಿನ ಅರ್ಜಿ. ಕೆಲವು ದಿನ ಏನೂ ಆಗಲಿಲ್ಲ. ಅದೇ ಕಾಗದಗಳನ್ನು ಹಿಡಿದು ಮಾಲೀಕರು ಸಂಬಂಧಪಟ್ಟ ಕಚೇರಿಗೆ ಖುದ್ದಾಗಿ ಹೋದ ಮೇಲೆ ಚಲನ್ ರದ್ದಾಯಿತು. ಆಕ್ಷೇಪದಲ್ಲಿ ಭಾವಾವೇಶ ಕಡಿಮೆಯಿದ್ದು ಚಿತ್ರ ಹೆಚ್ಚಿದ್ದದ್ದು ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ.

ಬಾಕಿ ಉಳಿದಿದ್ದ ನಿಲುಗಡೆಯ ಐದು ಚಲನ್‌ಗಳ ವಿಷಯದಲ್ಲಿ ಮಾಲೀಕರು ಮೊದಲು ಕಾಯುವ ಪಕ್ಷದಲ್ಲಿದ್ದರು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿರುವ ಅವರ ಭಾವ ಅರ್ಧ ಹಣದಲ್ಲಿ ಪಾರಾಗಿದ್ದರಂತೆ. ಇಲ್ಲಿಯೂ ಇವತ್ತಲ್ಲ ನಾಳೆ ಬಂದೀತು ಎಂಬ ಆಸೆ. ಪರಿಚಯದ ವಕೀಲರೊಬ್ಬರು ಬೇರೊಂದು ದಾರಿ ತೋರಿಸಿದರು. ದಂಡ ಮಾತ್ರವೇ ಶಿಕ್ಷೆಯಾಗಿರುವ ಅಪರಾಧಗಳಲ್ಲಿ 6 ತಿಂಗಳ ಅವಧಿ ಮೀರಿದ ಮೇಲೆ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ; ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಂನಲ್ಲಿದ್ದ ಈ ಮಿತಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂನಲ್ಲಿಯೂ ಇದೆ. ಈ ಐದರಲ್ಲಿ ನಾಲ್ಕು ಆ ಅವಧಿಯನ್ನು ದಾಟಿದ್ದವು, ನ್ಯಾಯಾಲಯಕ್ಕೆ ಹೋಗಿದ್ದ ಸುಳಿವೂ ಇರಲಿಲ್ಲ. ವಾದ ಗಟ್ಟಿಯಾದದ್ದೇ. ತೊಡಕೆಂದರೆ, ನ್ಯಾಯಾಲಯಕ್ಕೆ ಹೋಗಲಾರದ ಚಲನ್ ಯಂತ್ರದ ಪರದೆಯಿಂದ ತಾನಾಗಿ ಮಾಯವಾಗುವುದಿಲ್ಲ. ನಾಕಾದಲ್ಲಿ ಪ್ರತಿ ಸಲ ಅದೇ ಪಟ್ಟಿ ತೆರೆಯುತ್ತದೆ, ಅದಕ್ಕೆ ಉತ್ತರ ಹೇಳಬೇಕಾದವನು ಮಾಲೀಕರಲ್ಲ, ಚಾಲಕ.

ವಾಹನದ ಫಿಟ್‌ನೆಸ್ ಪ್ರಮಾಣಪತ್ರದ ನವೀಕರಣ ಹತ್ತಿರ ಬರುತ್ತಿದ್ದುದರಿಂದಲೂ, ಬಾಕಿ ಇದ್ದರೆ ಆರ್‌ಟಿಒದಲ್ಲಿ ಕೆಲಸ ನಿಲ್ಲುತ್ತದೆ ಎಂದು ಅದೇ ಏಜೆಂಟರು ಹೆದರಿಸಿದ್ದರಿಂದಲೂ ಮಾಲೀಕರು ಡಿಸೆಂಬರಿನ ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ ಐದನ್ನೂ ರಾಜಿ ಮಾಡಿಕೊಂಡರು. ಮೊತ್ತದಲ್ಲಿ ರಿಯಾಯಿತಿ ಸಿಕ್ಕಿತು. ನನಗೆ ಇದರಲ್ಲಿ ಪೂರ್ತಿ ಸಮ್ಮತಿ ಇರಲಿಲ್ಲ. ಐದರಲ್ಲಿ ಒಂದರ ಚಿತ್ರದಲ್ಲಿ ಫಾಳ್ಕ ಮುಚ್ಚಿತ್ತು, ಬ್ರೇಕ್ ದೀಪ ಉರಿಯುತ್ತಿತ್ತು, ಮುಂದೆ ಮುಂಬಯಿ ನಗರ ಸಾರಿಗೆಯ ‘ಬೆಸ್ಟ್’ ಬಸ್ಸೊಂದು ಅಡ್ಡ ನಿಂತಿತ್ತು; ಟೆಂಪೊ ನಿಲುಗಡೆಯಲ್ಲಿರಲಿಲ್ಲ, ಸಂಚಾರದಟ್ಟಣೆಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬೇರೆಯಾಗಿ ಪ್ರಶ್ನಿಸಬಹುದಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಲೋಕ ಅದಾಲತ್ ತೀರ್ಪು ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ರಿಯಾಯಿತಿಯ ಜೊತೆಗೆ ತಕರಾರೂ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಅಲ್ಲಿಗೆ ಹೋಗುವ ಮುನ್ನ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿಕೊಳ್ಳುವುದು ಲೇಸು. ಒಟ್ಟಿಗೆ ಕಟ್ಟಿಹಾಕಿ ಮುಗಿಸುವ ಆತುರದಲ್ಲಿ ಆ ಆಯ್ಕೆ ತಪ್ಪಿಹೋಯಿತು.

ಸಂಬಳದ ಲೆಕ್ಕ ಕೊನೆಗೆ ಉಳಿಯಿತು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆ, ನೌಕರನ ನಿರ್ಲಕ್ಷ್ಯದಿಂದ ಆದ ನಷ್ಟಕ್ಕಾಗಿ ಸಂಬಳ ಹಿಡಿಯುವ ಮುನ್ನ ಅವನಿಗೆ ಕಾರಣ ಹೇಳಲು ಅವಕಾಶ ಕೊಡಬೇಕು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು ಎಂದು ಹೇಳುತ್ತಿತ್ತು. ಅಷ್ಟು ಸಣ್ಣ ವ್ಯವಹಾರದಲ್ಲಿ ಕಾಯ್ದೆ ಹಿಡಿದು ಹೋರಾಡುವ ಉದ್ದೇಶ ಚಾಲಕನಿಗೂ ಇರಲಿಲ್ಲ. ಆದರೆ ಆ ನಿಯಮದ ತಿರುಳನ್ನು ಮುಂದಿಟ್ಟುಕೊಂಡು ಒಂದು ಭಾನುವಾರ ಮೂವರೂ ಕುಳಿತು ಲೆಕ್ಕ ಮಾಡಿದೆವು. ಜೀಬ್ರಾ ಗೆರೆಯ ದಂಡ ಚಾಲಕನದು. ಹೆಲ್ಮೆಟ್ ಚಲನ್ ಯಾರದೂ ಅಲ್ಲ. ವೇಗದ ಚಲನ್ ಮಾಲೀಕರದು, ಮೊತ್ತ 2,000 ರೂಪಾಯಿ. ನಿಲುಗಡೆಯ ವಿಷಯಕ್ಕೆ ಬಂದಾಗ ಮಾಲೀಕರು ಪೂರ್ತಿ ಹೊರಲು ಒಪ್ಪಲಿಲ್ಲ. ಫಲಕ ಕಂಡೂ ಹೇಳದಿದ್ದದ್ದು ಚಾಲಕನ ತಪ್ಪು ಎಂಬ ತಮ್ಮ ಮಾತನ್ನು ಬಿಡಲಿಲ್ಲ. ಕೊನೆಗೆ ಅದರ ಕಾಲು ಭಾಗ ಚಾಲಕನಿಗೆ, ಉಳಿದದ್ದು ಮಾಲೀಕರಿಗೆ ಎಂದಾಯಿತು. ಚಾಲಕ ಒಪ್ಪಿದ್ದು ಲೆಕ್ಕ ಸರಿ ಎನಿಸಿ ಅಲ್ಲ, ಕೆಲಸ ಬೇಕಾಗಿದ್ದರಿಂದ.

ಹೆಚ್ಚಾಗಿ ಹಿಡಿದಿದ್ದ ಹಣ 2025ರ ಯುಗಾದಿಯ ಹೊತ್ತಿಗೆ ಅವನ ಕೈಗೆ ಬಂತು. ಮಾಲೀಕರು ಅದನ್ನು ಹಬ್ಬದ ಖರ್ಚಿಗೆಂದು ಕೊಟ್ಟಂತೆ ಕೊಟ್ಟರು. ಚಾಲಕ ಅದನ್ನು ತನ್ನ ಸಂಬಳದ ಬಾಕಿ ಎಂದೇ ಹೇಳಿ, ವಹಿಯಲ್ಲಿ ಹಾಗೆಯೇ ಬರೆಸಿಕೊಂಡ. ಮಾಟುಂಗಾದ ಆ ಹೋಟೆಲಿಗೆ ಈಗ ಪಕ್ಕದ ಓಣಿಯಿಂದ ಕೈಗಾಡಿಯಲ್ಲಿ ಮಾಲು ಹೋಗುತ್ತದೆ, ಕೂಲಿಯನ್ನು ಹೋಟೆಲಿನವರೂ ಮಾಲೀಕರೂ ಹಂಚಿಕೊಂಡಿದ್ದಾರೆ. ಟೆಂಪೊದ ಡ್ಯಾಷ್‌ಬೋರ್ಡಿನಲ್ಲಿ ಒಂದು ಪುಸ್ತಕ ಇದೆ. ಯಾವ ದಿನ ಯಾರು ಓಡಿಸಿದರು, ಅವರ ಲೈಸೆನ್ಸ್ ಸಂಖ್ಯೆ ಏನು ಎಂಬುದನ್ನು ಅದರಲ್ಲಿ ಬರೆಯಬೇಕು. ವೇಗದ ಚಲನ್ ಅನ್ನು ಮಾಲೀಕರು ಚಾಲಕನ ಲೈಸೆನ್ಸನ್ನು ಎಲ್ಲಿಯೂ ನಮೂದಿಸದೆ ತಮ್ಮ ಹೆಸರಿನಿಂದಲೇ ಆನ್‌ಲೈನ್‌ನಲ್ಲಿ ಕಟ್ಟಿ, ಅದರ ರಸೀದಿಯ ಒಂದು ಪ್ರತಿಯನ್ನು ಚಾಲಕನಿಗೂ ಕೊಟ್ಟಿದ್ದಾರೆ.